ಮನೆಯಲ್ಲಿ ಸಕ್ಕರೆ ಪಾಕದ ಸೇಬು: ಹೊದಿಕೆ ಗಾಜಿನಂತೆ ನಿಲ್ಲುತ್ತಿಲ್ಲ, ಎಲ್ಲಿ ತಪ್ಪುತ್ತಿದ್ದೇನೆ?

ಪ್ರಶ್ನೆ: ನಂದಿತಪ್ಪಲು, ಚಿಕ್ಕಬಳ್ಳಾಪುರ

ಎಲ್ಲರಿಗೂ ನಮಸ್ಕಾರ. ಇಡೀ ಸೇಬಿಗೆ ಕಡ್ಡಿ ಚುಚ್ಚಿ, ಕೆಂಪು ಸಕ್ಕರೆ ಪಾಕದಲ್ಲಿ ಅದ್ದಿ ತೆಗೆದು, ಮೇಲೆ ಗಾಜಿನಂತೆ ಹೊಳೆಯುವ ಗಟ್ಟಿ ಹೊದಿಕೆ ಬರುವ ಹಾಗೆ ಮಾಡುವ ತಿಂಡಿಯೊಂದಿದೆ. ಕ್ಯಾಂಡಿ ಆಪಲ್ ಎಂದು ಅದರ ಹೆಸರು. ಬರುವ ತಿಂಗಳು ನನ್ನ ಮಗಳ ಶಾಲೆಯಲ್ಲಿ ಮಕ್ಕಳ ಸಂತೆ ಇದೆ. ಉಳಿದ ಮಕ್ಕಳೆಲ್ಲ ಸೊಪ್ಪು, ತರಕಾರಿ, ಚುರುಮುರಿ ಎಂದು ಹೊರಟಿದ್ದರೆ, ಮೊಬೈಲಿನಲ್ಲಿ ಈ ಸೇಬನ್ನು ಕಂಡ ನನ್ನ ಮಗಳು ಅದನ್ನೇ ಮಾರುತ್ತೇನೆಂದು ಹಟ ಹಿಡಿದಿದ್ದಾಳೆ. ನಾನೂ ಇದೇನು ಮಹಾ ವಿದ್ಯೆ, ಸಕ್ಕರೆ ಪಾಕ ತಾನೇ ಎಂದುಕೊಂಡು ಒಪ್ಪಿಬಿಟ್ಟೆ. ಈಗ ಮೂರು ಸಲ ಮಾಡಿ ಮೂರು ಸಲವೂ ಕೆಡಿಸಿದ್ದೇನೆ.

ಮೊದಲನೆಯ ಸಲ ಸಂಕ್ರಾಂತಿಯ ಸಕ್ಕರೆ ಅಚ್ಚಿಗೆ ನಮ್ಮ ಅತ್ತೆಯವರು ಪಾಕ ಮಾಡುವ ಕ್ರಮವನ್ನೇ ಅನುಸರಿಸಿದೆ. ಎರಡು ಬಟ್ಟಲು ಸಕ್ಕರೆಗೆ ಒಂದು ಬಟ್ಟಲು ನೀರು ಹಾಕಿ, ಕುದಿ ಬಂದಾಗ ಒಂದು ಚಮಚ ಹಾಲು ಬಿಟ್ಟು, ಮೇಲೆ ಬಂದ ಕೊಳೆಯನ್ನು ತೆಗೆದು, ಕೈಬಿಡದೆ ತಿರುವುತ್ತಾ ಪಾಕ ಬರಿಸಿದೆ. ಎರಡು ಸೇಬನ್ನು ಅದ್ದುವಷ್ಟರಲ್ಲಿ ಪಾಕವೆಲ್ಲ ಬೆಳ್ಳಗಾಗಿ ಮರಳಿನಂತೆ ಪಾತ್ರೆಯಲ್ಲೇ ಕೂತುಬಿಟ್ಟಿತು. ಆ ಎರಡು ಸೇಬುಗಳೂ ಸುಣ್ಣ ಬಳಿದ ಹಾಗೆ ಕಾಣುತ್ತಿದ್ದವು.

ಎರಡನೆಯ ಸಲ, ನಿಂಬೆರಸ ಹಾಕಿದರೆ ಹರಳಾಗುವುದಿಲ್ಲವೆಂದು ಯಾರೋ ಹೇಳಿದ್ದು ನೆನಪಾಗಿ ಇಡೀ ಒಂದು ನಿಂಬೆಹಣ್ಣನ್ನು ಹಿಂಡಿದೆ. ಪಾಕ ಸೀದು ಹೋದೀತೆಂಬ ಭಯಕ್ಕೆ ಎರಡೆಳೆ ಬಂದ ಕೂಡಲೇ ಇಳಿಸಿದೆ. ನೋಡಲು ಕನ್ನಡಿಯಂತಿತ್ತು, ಆದರೆ ಗಟ್ಟಿಯಾಗಲೇ ಇಲ್ಲ. ರಾತ್ರಿಯಿಡೀ ಇಟ್ಟರೂ ಸೇಬಿನಿಂದ ಜಾರಿ ತಟ್ಟೆಯಲ್ಲಿ ಕೊಳವಾಗಿ ನಿಂತಿತು.

ಮೂರನೆಯ ಸಲ ಧೈರ್ಯ ಮಾಡಿ ಹೆಚ್ಚು ಹೊತ್ತು ಕಾಯಿಸಿದೆ, ಬಣ್ಣಕ್ಕೆ ಬೀಟ್‌ರೂಟ್ ರಸ ಸೇರಿಸಿದೆ. ಹೊದಿಕೆ ಗಟ್ಟಿಯಾಯಿತು, ಹೊಳೆಯಿತು. ಆದರೆ ಕೆಂಪಿನ ಬದಲು ಕಾಫಿಯ ಬಣ್ಣ ಬಂದಿತ್ತು, ಅಲ್ಲಲ್ಲಿ ಗುಳ್ಳೆ ಎದ್ದಿತ್ತು, ಮತ್ತು ಕಚ್ಚಿದರೆ ಮೊಟ್ಟೆಯ ಚಿಪ್ಪಿನಂತೆ ಹೊದಿಕೆ ಬೇರೆ ಸೇಬು ಬೇರೆ ಆಗಿ ಬರುತ್ತಿತ್ತು. ಉಳಿದವನ್ನು ಫ್ರಿಜ್‌ನಲ್ಲಿಟ್ಟೆ. ಬೆಳಗ್ಗೆ ನೋಡಿದರೆ ಎಲ್ಲವೂ ಬೆವರಿ ನೀರು ಬಿಟ್ಟಿದ್ದವು.

ನನ್ನ ಬಳಿ ಅಡುಗೆಯ ಥರ್ಮಾಮೀಟರ್ ಇಲ್ಲ. ಅದಿಲ್ಲದೆ ಪಾಕದ ಹದ ತಿಳಿಯುವುದು ಹೇಗೆ? ಲಿಕ್ವಿಡ್ ಗ್ಲೂಕೋಸ್ ಇಲ್ಲದೆ ಆಗುವುದೇ ಇಲ್ಲವೇ? ಸಂತೆಗೆ ಹಿಂದಿನ ದಿನವೇ ಮಾಡಿಟ್ಟುಕೊಳ್ಳಬಹುದೇ? ಬಣ್ಣಕ್ಕೆ ಏನು ಹಾಕಬೇಕು? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1: ಕಲ್ಪತರು, ತುಮಕೂರು

ನಮಸ್ಕಾರ ತಾಯಿ. ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಟ್ಟು ನಿವೃತ್ತನಾದವನು. ಅಡುಗೆಯಲ್ಲಿ ನನ್ನ ಯೋಗ್ಯತೆ ಅಷ್ಟಕ್ಕಷ್ಟೇ. ಆದರೆ ಮೊಮ್ಮಕ್ಕಳ ಕಾಟಕ್ಕೆ ಈ ಸೇಬನ್ನು ಕೆಲವು ಬಾರಿ ಮಾಡಿದ್ದೇನೆ, ನಿಮಗಿಂತ ಹೆಚ್ಚು ಸಲ ಕೆಡಿಸಿಯೂ ಇದ್ದೇನೆ.

ನಿಮ್ಮ ಮೊದಲ ಸಲದ ತಪ್ಪು ನಿಮ್ಮದಲ್ಲ, ಸಂಕ್ರಾಂತಿಯದು. ಸಕ್ಕರೆ ಅಚ್ಚಿಗೆ ಯಾವುದು ಗುಣವೋ ಈ ಸೇಬಿಗೆ ಅದೇ ದೋಷ. ಅಚ್ಚಿನ ಪಾಕವನ್ನು ನಾವು ಬೇಕೆಂದೇ ತಿರುವುತ್ತೇವೆ. ತಿರುವಿದಷ್ಟೂ ಸಕ್ಕರೆಯ ಅಣುಗಳು ಒಂದರ ಪಕ್ಕ ಒಂದು ಸಾಲಾಗಿ ಜೋಡಿಸಿಕೊಂಡು ಲೆಕ್ಕವಿಲ್ಲದಷ್ಟು ಪುಟ್ಟ ಹರಳುಗಳಾಗುತ್ತವೆ. ಬೆಳಕು ಆ ಹರಳುಗಳಲ್ಲಿ ಚದುರುವುದರಿಂದ ಪಾಕ ಬೆಳ್ಳಗೆ ಕಾಣುತ್ತದೆ, ಮರದ ಅಚ್ಚಿಗೆ ಸುರಿದ ಸ್ವಲ್ಪ ಹೊತ್ತಿಗೆ ಗಟ್ಟಿಯಾಗಿ ಬಿಡಿಸಲು ಬರುತ್ತದೆ. ಸೇಬಿನ ಹೊದಿಕೆಯಲ್ಲಿ ಒಂದು ಹರಳೂ ಹುಟ್ಟಬಾರದು. ಅಣುಗಳು ಸಾಲಾಗಿ ನಿಲ್ಲುವುದಕ್ಕೆ ಮೊದಲೇ ಪಾಕ ತಣಿದು, ಅವು ಇದ್ದಲ್ಲೇ ಸಿಕ್ಕಿಬೀಳಬೇಕು. ಹಾಗಾದಾಗ ಮಾತ್ರ ಅದು ಗಾಜಾಗುತ್ತದೆ, ಬೆಳಕು ಆರಪಾರ ಹಾಯುತ್ತದೆ. ಆದ್ದರಿಂದ ಸಕ್ಕರೆ ಪೂರ್ತಿ ಕರಗುವ ತನಕ ಸಣ್ಣ ಉರಿಯಲ್ಲಿ ತಿರುವಿ, ಕುದಿ ಬಂದ ಮೇಲೆ ಸೌಟನ್ನು ಮುಟ್ಟಲೇಬೇಡಿ. ಪಾತ್ರೆಯ ಒಳಬದಿಗೆ ಸಿಡಿದು ಅಂಟಿಕೊಂಡ ಒಂದೆರಡು ಸಕ್ಕರೆ ಕಾಳು ಮರಳಿ ಪಾಕಕ್ಕೆ ಬಿದ್ದರೂ ಸಾಕು, ಹಾಲಿಗೆ ಹೆಪ್ಪು ಬಿದ್ದ ಹಾಗೆ, ಅದನ್ನೇ ಹಿಡಿದುಕೊಂಡು ಇಡೀ ಪಾಕ ಹರಳುಗಟ್ಟುತ್ತದೆ. ಕುದಿ ಬಂದ ಕೂಡಲೇ ಎರಡು ಮೂರು ನಿಮಿಷ ತಟ್ಟೆ ಮುಚ್ಚಿಟ್ಟರೆ ಒಳಗಿನ ಆವಿಯೇ ನೀರಾಗಿ ಇಳಿದು ಬದಿಯನ್ನು ತೊಳೆಯುತ್ತದೆ. ನಾನು ಬ್ರಷ್ ಹುಡುಕಲು ಹೋಗುವುದಿಲ್ಲ, ಇದೇ ಸುಲಭ. ಹಾಲನ್ನೂ ಹಾಕಬೇಡಿ, ಅದರಲ್ಲಿರುವ ಪ್ರೋಟೀನು ಈ ಶಾಖಕ್ಕೆ ಕಂದುತ್ತದೆ. ಸಕ್ಕರೆಯಲ್ಲಿ ಕೊಳೆ ಇದೆಯೆನಿಸಿದರೆ, ಕರಗಿದ ಮೇಲೆ ತೆಳು ಬಟ್ಟೆಯಲ್ಲಿ ಸೋಸಿಕೊಂಡು ಮತ್ತೆ ಒಲೆಗೆ ಇಡಿ.

ಇನ್ನು ನಿಂಬೆರಸ. ಹುಳಿ ಮತ್ತು ಶಾಖ ಸೇರಿದಾಗ ಸಕ್ಕರೆಯ ಒಂದು ಭಾಗ ಗ್ಲೂಕೋಸ್ ಮತ್ತು ಫ್ರುಕ್ಟೋಸ್ ಆಗಿ ಒಡೆಯುತ್ತದೆ. ಆಕಾರದಲ್ಲಿ ಬೇರೆಯಾದ ಈ ಅಣುಗಳು ನಡುವೆ ನುಸುಳಿ ಸಕ್ಕರೆಯ ಅಣುಗಳಿಗೆ ಸಾಲು ಕಟ್ಟಲು ಬಿಡುವುದಿಲ್ಲ. ಅಷ್ಟರ ಮಟ್ಟಿಗೆ ನಿಮಗೆ ಹೇಳಿದವರ ಮಾತು ಸರಿ. ಆದರೆ ಫ್ರುಕ್ಟೋಸ್‌ಗೆ ಗಾಳಿಯ ತೇವವನ್ನು ಎಳೆದುಕೊಳ್ಳುವ ಚಟ ಬಹಳ. ಇಡೀ ಹಣ್ಣು ಹಿಂಡಿದರೆ ಹರಳೇನೋ ಆಗುವುದಿಲ್ಲ, ಅಂಟೂ ಹೋಗುವುದಿಲ್ಲ. 400 ಗ್ರಾಂ ಸಕ್ಕರೆಗೆ ಒಂದು ಟೀ ಚಮಚ ರಸ ಸಾಕು. ಲಿಕ್ವಿಡ್ ಗ್ಲೂಕೋಸ್ ಸಿಕ್ಕರೆ ಅದೇ ಮೇಲು. ಹರಳನ್ನು ತಡೆಯುವ ಕೆಲಸವನ್ನು ಅದೂ ಮಾಡುತ್ತದೆ, ಅದರಲ್ಲಿ ಫ್ರುಕ್ಟೋಸ್ ಇರುವುದಿಲ್ಲ. ಕೇಕಿನ ಸಾಮಾನು ಮಾರುವ ಅಂಗಡಿಗಳಲ್ಲಿ ಡಬ್ಬಿಯಲ್ಲಿ ಸಿಗುತ್ತದೆ. ಬಲು ಜಿಗುಟು, ಚಮಚವನ್ನೂ ಬೆರಳನ್ನೂ ನೀರಿನಲ್ಲಿ ಅದ್ದಿಕೊಂಡು ತೆಗೆಯಬೇಕು.

ನಿಮ್ಮ ಎರಡನೆಯ ಸೋಲಿಗೆ ನಿಂಬೆಗಿಂತ ದೊಡ್ಡ ಕಾರಣ ಹದ. ಪಾಕದ ಹದವೆಂದರೆ ಅದರಲ್ಲಿ ಇನ್ನೂ ಎಷ್ಟು ನೀರು ಉಳಿದಿದೆ ಎಂಬುದೇ ಹೊರತು ಬೇರೇನಲ್ಲ. ನೀರು ಆರಿದಂತೆ ಪಾಕದ ಕುದಿಯುವ ಬಿಸಿ ಏರುತ್ತಾ ಹೋಗುತ್ತದೆ. ನಾವು ಜಾಮೂನಿಗೆ, ಲಾಡುವಿಗೆ ಹಿಡಿಯುವ ಎಳೆ ಪಾಕಗಳೆಲ್ಲ ಸುಮಾರು 104ರಿಂದ 112 ಡಿಗ್ರಿ ಸೆಲ್ಸಿಯಸ್ ಒಳಗೇ ಮುಗಿಯುತ್ತವೆ. ನೀರಿಗೆ ಬಿಟ್ಟರೆ ಮೆತ್ತಗೆ ಉಂಡೆಯಾಗುವುದು 112ರಿಂದ 116ಕ್ಕೆ, ಗಟ್ಟಿ ಉಂಡೆಯಾಗುವುದು 121ರಿಂದ 130ಕ್ಕೆ. ಸೇಬಿಗೆ ಬೇಕಾದ, ಮುರಿದರೆ ಸದ್ದು ಮಾಡುವ ಪಾಕ 149ರಿಂದ 154 ಡಿಗ್ರಿಗೆ ಬರುತ್ತದೆ, ಆಗ ಅದರಲ್ಲಿ ಉಳಿದಿರುವ ನೀರು ನೂರರಲ್ಲಿ ಒಂದು ಪಾಲು ಮಾತ್ರ. 160 ದಾಟಿದರೆ ಸಕ್ಕರೆ ಕಂದಲು ತೊಡಗಿ ಕಹಿಯ ಕಡೆಗೆ ಹೊರಳುತ್ತದೆ. ಎರಡೆಳೆಯಲ್ಲಿ ಇಳಿಸಿದ ನೀವು ದಾರಿಯ ಕಾಲು ಭಾಗವನ್ನೂ ನಡೆದಿರಲಿಲ್ಲ.

ಥರ್ಮಾಮೀಟರ್ ಕೊಳ್ಳುವುದಾದರೆ 200 ಡಿಗ್ರಿಯವರೆಗೆ ತೋರಿಸುವಂಥದ್ದನ್ನು ಕೊಳ್ಳಿ. ಒಂದು ಎಚ್ಚರಿಕೆಯನ್ನೂ ಹೇಳಬೇಕು. ಪುಸ್ತಕಗಳಲ್ಲಿರುವ ಅಂಕಿಗಳು ಸಮುದ್ರಮಟ್ಟದವು. ನಮ್ಮ ತುಮಕೂರು, ಕೋಲಾರ, ನಿಮ್ಮ ಚಿಕ್ಕಬಳ್ಳಾಪುರ ಎಲ್ಲವೂ 800 ಮೀಟರಿಗಿಂತ ಎತ್ತರದಲ್ಲಿವೆ. ಇಲ್ಲಿ ನೀರು ಕುದಿಯುವುದೇ ಸುಮಾರು 97 ಡಿಗ್ರಿಗೆ. ಮೊದಲು ಬರೀ ನೀರು ಕುದಿಸಿ ಥರ್ಮಾಮೀಟರ್ ಎಷ್ಟು ತೋರಿಸುತ್ತದೆಂದು ನೋಡಿ, 100ಕ್ಕೆ ಎಷ್ಟು ಕಡಿಮೆಯೋ ಅಷ್ಟನ್ನು ಪುಸ್ತಕದ ಅಂಕಿಯಿಂದ ಕಳೆದುಕೊಳ್ಳಿ. ಅಂದರೆ ನೀವು 146ರಿಂದ 151ರ ನಡುವೆ ಇಳಿಸಬೇಕು. ಈ ಲೆಕ್ಕದಲ್ಲಿ ನಿಮ್ಮ ಥರ್ಮಾಮೀಟರಿನ ಸ್ವಂತ ದೋಷವೂ ಬಹುಮಟ್ಟಿಗೆ ಹೊಡೆದುಹೋಗುತ್ತದೆ.

ಉತ್ತರ 2: ಒಗ್ಗರಣೆ, ಕೋಲಾರ

ಮೇಲಿನ ಮೇಷ್ಟ್ರು ಕಾರಣಗಳನ್ನೆಲ್ಲ ಹೇಳಿದ್ದಾರೆ, ನಾನು ಕೈಕೆಲಸವನ್ನಷ್ಟೇ ಹೇಳುತ್ತೇನೆ. ಮನೆಯಲ್ಲೇ ಕಡಲೆಕಾಯಿ ಮಿಠಾಯಿ, ಕೊಬ್ಬರಿ ಮಿಠಾಯಿ ಮಾಡಿ ಮಾರುವವಳು ನಾನು. ಇಷ್ಟು ವರ್ಷಗಳಲ್ಲಿ ಪಾಕಕ್ಕೆ ಥರ್ಮಾಮೀಟರ್ ಇಟ್ಟವಳಲ್ಲ. ನಂದಿತಪ್ಪಲಿನ ತಂಗಿ, ನಿಮಗೆ ಮಿಠಾಯಿ ಪಾಕ ಗೊತ್ತಿದ್ದರೆ ಈ ಪಾಕವೂ ಗೊತ್ತಿರುವಂಥದ್ದೇ.

ಒಂದು ಬಟ್ಟಲಿನಲ್ಲಿ ತಣ್ಣೀರು ಇಟ್ಟುಕೊಳ್ಳಿ. ಗುಳ್ಳೆಗಳು ದೊಡ್ಡದಾಗಿ ಬೇಗಬೇಗ ಒಡೆಯುತ್ತಿರುವ ತನಕ ಪಾಕದಲ್ಲಿ ನೀರಿದೆ ಎಂದರ್ಥ. ಗುಳ್ಳೆ ಸಣ್ಣದಾಗಿ, ಒತ್ತೊತ್ತಾಗಿ, ಸೋಮಾರಿಯಂತೆ ನಿಧಾನವಾಗಿ ಒಡೆಯತೊಡಗಿದ ಮೇಲೆ ಅರ್ಧ ನಿಮಿಷಕ್ಕೊಮ್ಮೆ ಒಂದು ಹನಿಯನ್ನು ನೀರಿಗೆ ಬಿಟ್ಟು ನೋಡಬೇಕು. ಬೆರಳಲ್ಲಿ ತೆಗೆದಾಗ ಬಾಗಿದರೆ ಇನ್ನೂ ಆಗಿಲ್ಲ. ಕಡ್ಡಿಯಂತೆ ಟಕ್ಕೆಂದು ಮುರಿಯಬೇಕು, ಬಟ್ಟಲಿನ ಅಂಚಿಗೆ ತಟ್ಟಿದರೆ ಟಣ್ ಎನ್ನಬೇಕು. ಆಮೇಲೆ ಅದನ್ನೇ ಬಾಯಿಗೆ ಹಾಕಿ ಕಡಿದು ನೋಡಿ; ಹಲ್ಲಿಗೆ ಅಂಟಿದರೆ ಮತ್ತೂ ಒಂದು ನಿಮಿಷ ಬೇಕು. ಪ್ರತಿ ಸಲವೂ ಹನಿ ನೋಡುವಾಗ ಉರಿಯನ್ನು ಪೂರ್ತಿ ತಗ್ಗಿಸಿ, ಇಲ್ಲವಾದರೆ ನೀವು ನೋಡುತ್ತಿರುವಷ್ಟರಲ್ಲೇ ಪಾಕ ಕೆಂಪಾಗಿರುತ್ತದೆ. ಕೊನೆಯ ಹತ್ತು ಡಿಗ್ರಿ ಕುದುರೆಯಂತೆ ಓಡುತ್ತದೆ.

ಅಳತೆ ಹೇಳುತ್ತೇನೆ. ಮಧ್ಯಮ ಗಾತ್ರದ ಆರು ಸೇಬಿಗೆ 400 ಗ್ರಾಂ ಸಕ್ಕರೆ, 180 ಮಿಲಿ ನೀರು, ಅರ್ಧ ಬಟ್ಟಲು ಲಿಕ್ವಿಡ್ ಗ್ಲೂಕೋಸ್. ಪಾತ್ರೆ ದಪ್ಪ ತಳದ್ದಾಗಿರಲಿ, ಬಾಯಿ ಕಿರಿದಾಗಿ ಆಳವಾಗಿರಲಿ. ಅಗಲವಾದ ಬಾಣಲೆಯಲ್ಲಿ ಇದೇ ಪಾಕ ತೆಳ್ಳಗೆ ಹರಡಿಕೊಂಡು ಸೇಬು ಅರ್ಧವೂ ಮುಳುಗುವುದಿಲ್ಲ. ಪಾಕ ಇಳಿಸಿ, ಗುಳ್ಳೆ ಅಡಗುವ ತನಕ ಅರ್ಧ ನಿಮಿಷ ಬಿಟ್ಟು, ಪಾತ್ರೆಯನ್ನು ಸ್ವಲ್ಪ ಓರೆ ಮಾಡಿ ಸೇಬನ್ನು ಒಂದೇ ಸುತ್ತು ತಿರುಗಿಸಿ ಮೇಲೆತ್ತಿ. ಹೆಚ್ಚಾದ ಪಾಕ ಸುರಿದುಹೋಗಲು ಹತ್ತೆಣಿಸುವಷ್ಟು ಹೊತ್ತು ಹಿಡಿದುಕೊಂಡು, ತುಪ್ಪ ಸವರಿದ ಸ್ಟೀಲ್ ತಟ್ಟೆಯ ಮೇಲೆ ಕಡ್ಡಿ ಮೇಲ್ಮುಖವಾಗಿರುವಂತೆ ನಿಲ್ಲಿಸಿ. ಹೊದಿಕೆ ತೆಳ್ಳಗಿದ್ದರೇ ಚೆಂದ. ದಪ್ಪವಾದರೆ ಅದು ತಿಂಡಿಯಲ್ಲ, ಹಲ್ಲಿನ ವೈದ್ಯರಿಗೆ ಗಿರಾಕಿ ಕಳಿಸುವ ಉಪಾಯ. ಆರೂ ಸೇಬನ್ನು ಮುಗಿಸಲು ನಿಮಗಿರುವುದು ನಾಲ್ಕೈದು ನಿಮಿಷ. ನಡುವೆ ಪಾಕ ಬಿಗಿದರೆ ಸಣ್ಣ ಉರಿಯ ಮೇಲೆ ಮತ್ತೆ ಇಡಬಹುದು, ಆದರೆ ಕಲಕಬಾರದು.

ಈಗ ಮೂರನೆಯ ಸಲ ಹೊದಿಕೆ ಕಳಚಿದ ವಿಚಾರ. ಅದು ಪಾಕದ ದೋಷವಲ್ಲ, ಹಣ್ಣಿನದು. ಹೊಳೆಹೊಳೆಯುವ ಸೇಬಿನ ಮೇಲೆ, ವಿಶೇಷವಾಗಿ ಹೊರದೇಶದಿಂದ ಬಂದದ್ದರ ಮೇಲೆ, ಮೇಣ ಹಚ್ಚಿರುತ್ತಾರೆ. ಮೇಣದ ಮೇಲೆ ಪಾಕ ಹಿಡಿಯುವುದಿಲ್ಲ. ಕುದಿಯುವ ನೀರಿಗೆ ಒಂದು ಚಮಚ ವಿನೆಗರ್ ಹಾಕಿ, ಸೇಬನ್ನು ಹತ್ತು ಸೆಕೆಂಡು ಮಾತ್ರ ಅದ್ದಿ ತೆಗೆದು, ಒರಟು ಬಟ್ಟೆಯಲ್ಲಿ ಒತ್ತಿ ಒರೆಸಿ. ಹೊಳಪು ಹೋಗಿ ಸಿಪ್ಪೆ ಮಂಕಾಗಿ ಕಾಣಬೇಕು. ನಂತರ ಎರಡು ಮೂರು ಗಂಟೆ ಫ್ಯಾನಿನ ಕೆಳಗೆ ಆರಲಿ. ತೊಟ್ಟಿನ ಗುಳಿಯಲ್ಲಿ ನೀರು ನಿಂತಿರುತ್ತದೆ, ಅದನ್ನು ಎಲ್ಲರೂ ಮರೆಯುತ್ತಾರೆ. ಬಟ್ಟೆಯ ಮೂಲೆಯನ್ನು ಸುರುಳಿ ಮಾಡಿ ಅಲ್ಲಿಯೂ ಒರೆಸಿ. ಫ್ರಿಜ್‌ನಿಂದ ತೆಗೆದ ತಣ್ಣನೆಯ ಸೇಬನ್ನು ಅದ್ದಿದರೆ ಮೇಲೆ ಕೂತ ಕಾಣದ ಹನಿಗಳೇ ಆವಿಯಾಗಿ ಗುಳ್ಳೆ ಏಳುತ್ತವೆ. ಹಿಂದಿನ ರಾತ್ರಿಯೇ ಹೊರಗೆ ತೆಗೆದಿಡಬೇಕು.

ಹಣ್ಣು ಗಟ್ಟಿಯಾಗಿ, ಹುಳಿ ಮುಂದಾಗಿ ಇರಬೇಕು. ಹಸಿರು ಸೇಬು ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. ಇಲ್ಲವೆಂದರೆ ಶಿಮ್ಲಾದಿಂದ ಬರುವ ಸಣ್ಣ ಕಾಯಿಗಳು ಆದೀತು. ಹಿಟ್ಟುಹಿಟ್ಟಾದ ಹಳೆಯ ಸೇಬಿಗೆ ಎಂಥ ಪಾಕ ಹಾಕಿದರೂ ವ್ಯರ್ಥ.

ಇನ್ನೊಂದು ಮಾತು. ಸಂತೆಗೆ ಇಡೀ ಸೇಬೇ ಏಕೆ? ಒಂದು ಮಗು ಒಂದು ಪೂರ್ತಿ ಸೇಬನ್ನು ತಿಂದು ಮುಗಿಸುವುದಿಲ್ಲ. ನಮ್ಮ ಕಡೆಯ ಸಂತೆಗಳಲ್ಲಿ ಚಳಿಗಾಲ ಬಂದರೆ ಆಪಲ್ ಬೇರ್ ಎಂಬ ದೊಡ್ಡ ಎಲಚಿ ಹಣ್ಣು ರಾಶಿ ಬೀಳುತ್ತದೆ. ಸೇಬಿನಂತೆಯೇ ಕರುಂ ಎನ್ನುತ್ತದೆ, ಮೇಣದ ತಂಟೆಯಿಲ್ಲ, ಒಂದು ಮಗುವಿಗೆ ಸರಿಯಾದ ಗಾತ್ರ. ನಡುವಿನ ಓಟೆ ಅಡ್ಡ ಬರುವುದರಿಂದ ಕಡ್ಡಿಯನ್ನು ಸ್ವಲ್ಪ ಪಕ್ಕಕ್ಕೆ ಚುಚ್ಚಬೇಕು, ಅಷ್ಟೇ.

ಉತ್ತರ 3: ಬಯಲುಸೀಮೆ, ಶಿರಾ

ಸಕ್ಕರೆಯ ಬದಲು ಬೆಲ್ಲದಲ್ಲಿ ಮಾಡಬಹುದೇ ಎಂದು ಕೇಳಬೇಕೆನಿಸಿತು. ಬೆಲ್ಲದ ಪಾಕದಲ್ಲಿ ಕಡಲೆಕಾಯಿ ಮಿಠಾಯಿ ಅಷ್ಟು ಗರಿಗರಿಯಾಗಿ ಬರುವಾಗ ಸೇಬಿಗೆ ಏಕೆ ಬರಬಾರದು? ಚಿಕ್ಕಬಳ್ಳಾಪುರದವರಿಗೆ ದ್ರಾಕ್ಷಿಯೂ ಕೈಗೆಟುಕುವಷ್ಟು ಹತ್ತಿರದಲ್ಲಿದೆ. ಚೀನಾದಲ್ಲಿ ಹಣ್ಣುಗಳನ್ನು ಬಿದಿರು ಕಡ್ಡಿಗೆ ಸಾಲಾಗಿ ಪೋಣಿಸಿ ಇದೇ ಪಾಕದಲ್ಲಿ ಅದ್ದುವ ತಂಗ್‌ಹುಲು ಎಂಬ ತಿಂಡಿ ಇದೆಯಲ್ಲ, ಆ ರೀತಿ ದ್ರಾಕ್ಷಿಯಲ್ಲಿ ಪ್ರಯತ್ನಿಸಬಾರದೇ?

ಉತ್ತರ 4: ಒಗ್ಗರಣೆ, ಕೋಲಾರ

ಬೆಲ್ಲದಲ್ಲಿ ಮಾಡಿದ್ದೇನೆ. ರುಚಿಗೆ ಸಕ್ಕರೆ ಅದರ ಹತ್ತಿರವೂ ಸುಳಿಯದು. ಆದರೆ ಬೆಲ್ಲಕ್ಕೆ ತೇವ ಎಳೆಯುವ ಗುಣ ಹುಟ್ಟಿನಿಂದಲೇ ಇದೆ. ಮಿಠಾಯಿಯನ್ನು ಒಣಗಿದ, ಹುರಿದ ಕಡಲೆಕಾಯಿಯ ಮೇಲೆ ಹಾಕುತ್ತೇವೆ, ಮಾಡಿದ ಕೂಡಲೇ ಡಬ್ಬಿಯಲ್ಲಿ ಮುಚ್ಚುತ್ತೇವೆ. ಸೇಬು ಒಳಗಿನಿಂದಲೇ ನೀರು ಬಿಡುವ ಹಣ್ಣು. ಒಂದೆರಡು ಗಂಟೆಯೊಳಗೆ ಬೆಲ್ಲದ ಹೊದಿಕೆ ಮೆತ್ತಗಾಗುತ್ತದೆ, ಗಾಜಿನ ಹೊಳಪೂ ಇರುವುದಿಲ್ಲ. ಮನೆಯಲ್ಲಿ ಮಾಡಿ ಆಗಲೇ ತಿನ್ನುವುದಾದರೆ ಖಂಡಿತ ಮಾಡಿ. ಅದ್ದಿದ ಕೂಡಲೇ ತಳಭಾಗವನ್ನು ಹುರಿದು ಕುಟ್ಟಿದ ಕಡಲೆಕಾಯಿಯ ತರಿಯಲ್ಲಿ ಒತ್ತಿದರೆ ತಟ್ಟೆಗೆ ಅಂಟುವ ಗೋಳೂ ತಪ್ಪುತ್ತದೆ.

ದ್ರಾಕ್ಷಿಯಲ್ಲಿ ಬೆಂಗಳೂರು ಬ್ಲೂ ಬೇಡ. ಅದರ ಸಿಪ್ಪೆ ತಿರುಳಿನಿಂದ ಸುಲಭವಾಗಿ ಕಳಚಿಕೊಳ್ಳುತ್ತದೆ, ಕಡ್ಡಿಯಲ್ಲಿ ನಿಲ್ಲುವುದಿಲ್ಲ. ದಿಲ್‌ಖುಷ್‌ನಂಥ ಗಟ್ಟಿ, ಉದ್ದನೆಯ ಹಣ್ಣಾದರೆ ನಿಲ್ಲುತ್ತದೆ. ದ್ರಾಕ್ಷಿಯನ್ನು ಮಾಡಿದ ಅರ್ಧ ಗಂಟೆಯಲ್ಲಿ ತಿಂದು ಮುಗಿಸಬೇಕು. ಸಂತೆಗೆ ಅದು ಹೊಂದುವುದಿಲ್ಲ.

ಉತ್ತರ 5: ಮೂರು ಮಕ್ಕಳ ತಾಯಿ, ತುಮಕೂರು

ಹಿಂದಿನ ದಿನ ಮಾಡಿಡಬಹುದೇ ಎಂಬ ಪ್ರಶ್ನೆಗೆ ಯಾರೂ ನೇರವಾಗಿ ಉತ್ತರಿಸಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ದಯವಿಟ್ಟು ಮಾಡಿಡಬೇಡಿ. ಹೊದಿಕೆ ಬೆವರುವುದು ಒಂದು ಕಾರಣ. ಫ್ರಿಜ್‌ನಲ್ಲಿಟ್ಟ ಸೇಬನ್ನು ಹೊರಗೆ ತೆಗೆದಾಗ ಗಾಳಿಯ ತೇವವೆಲ್ಲ ಅದರ ಮೇಲೆ ಹನಿಯಾಗುತ್ತದೆ, ಹೊರಗಿಟ್ಟರೆ ಕಡ್ಡಿಯ ತೂತಿನಿಂದ ರಸ ಜಿನುಗಿ ಒಳಗಿನಿಂದ ಕರಗುತ್ತದೆ. ಇನ್ನೊಂದು ಕಾರಣ ಇದಕ್ಕಿಂತ ಗಂಭೀರವಾದುದು. 2014ರ ಕೊನೆಯಲ್ಲಿ ಅಮೆರಿಕದಲ್ಲಿ ಕ್ಯಾರಮೆಲ್ ಹೊದಿಸಿದ ಸೇಬುಗಳಿಂದ ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ಹರಡಿ 12 ರಾಜ್ಯಗಳ 35 ಮಂದಿ ಕಾಯಿಲೆ ಬಿದ್ದರು, ಅವರಲ್ಲಿ 7 ಮಂದಿ ತೀರಿಕೊಂಡರು. ಸೇಬು ಹುಳಿ, ಕ್ಯಾರಮೆಲ್‌ನಲ್ಲಿ ನೀರಿಲ್ಲ, ಎರಡರಲ್ಲೂ ಈ ಬ್ಯಾಕ್ಟೀರಿಯಾ ಬೆಳೆಯಲಾರದು ಎಂದೇ ಎಲ್ಲರೂ ತಿಳಿದಿದ್ದರು. ಆಮೇಲೆ ನಡೆದ ಪರೀಕ್ಷೆಗಳಿಂದ ತಿಳಿದುಬಂದದ್ದೇನೆಂದರೆ, ಕಡ್ಡಿ ಚುಚ್ಚಿದ ಜಾಗದಿಂದ ರಸ ಹೊರಬಂದು ಹೊದಿಕೆಗೂ ಸಿಪ್ಪೆಗೂ ನಡುವೆ ಸೇರಿಕೊಂಡಾಗ ಅಲ್ಲಿ ಅದು ಬೆಳೆಯಲು ಬೇಕಾದ ತೇವ ಒದಗುತ್ತದೆ. ಹೊರಗೆ ಇಟ್ಟ, ಕಡ್ಡಿ ಇರುವ ಸೇಬಿನಲ್ಲಿ ಅದು ಬಹಳ ಬೇಗ ಹೆಚ್ಚುತ್ತದೆ. ಅದು ಹಾಲು, ಬೆಣ್ಣೆ ಸೇರಿದ ಮೆತ್ತನೆಯ ಹೊದಿಕೆ, ನಿಮ್ಮದು ಬರಿಯ ಸಕ್ಕರೆಯ ಗಟ್ಟಿ ಹೊದಿಕೆ ಎಂಬ ವ್ಯತ್ಯಾಸವಿದೆ. ಆದರೂ ಕಡ್ಡಿ ಕಡ್ಡಿಯೇ, ತೂತು ತೂತೇ. ಬೆಳಗ್ಗೆ ಮಾಡಿ ಮಧ್ಯಾಹ್ನದೊಳಗೆ ಮಾರಿ ಮುಗಿಸುವಷ್ಟನ್ನೇ ಮಾಡಿ. ಹಣ್ಣನ್ನು ಚೆನ್ನಾಗಿ ತೊಳೆಯದೆ ಕಡ್ಡಿ ಚುಚ್ಚಬೇಡಿ, ಏಕೆಂದರೆ ಸಿಪ್ಪೆಯ ಮೇಲಿನ ಕೊಳೆಯನ್ನು ಕಡ್ಡಿಯೇ ಒಳಗೆ ಒಯ್ಯುತ್ತದೆ.

ಬಣ್ಣದ ವಿಷಯದಲ್ಲಿ, ಬೀಟ್‌ರೂಟಿನ ಬಣ್ಣ ಈ ಶಾಖವನ್ನು ತಾಳುವುದಿಲ್ಲ, ಕಂದಿಯೇ ತೀರುತ್ತದೆ. 2024ರ ಮಾರ್ಚ್‌ನಲ್ಲಿ ನಮ್ಮ ರಾಜ್ಯ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನೂ ಬಾಂಬೆ ಮಿಠಾಯಿಗೆ ರೋಡಮೈನ್-ಬಿ ಹಾಕುವುದನ್ನೂ ನಿಷೇಧಿಸಿದ್ದು ನಿಮಗೆ ನೆನಪಿರಬಹುದು. ರೋಡಮೈನ್-ಬಿ ಬಟ್ಟೆಗೆ ಹಾಕುವ ಬಣ್ಣ. ಬಿಡಿಯಾಗಿ ಪೊಟ್ಟಣ ಕಟ್ಟಿಕೊಡುವ ಕೆಂಪು ಪುಡಿಯನ್ನು ಮಕ್ಕಳ ತಿಂಡಿಗೆ ಹಾಕುವ ಯೋಚನೆಯನ್ನೇ ಮಾಡಬೇಡಿ. ಹಾಕಲೇಬೇಕೆಂದರೆ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ಪರವಾನಗಿ ಸಂಖ್ಯೆ ಮುದ್ರಿಸಿರುವ ಆಹಾರದ ಬಣ್ಣವನ್ನು, ಪಾಕ ಇಳಿಸಿದ ಮೇಲೆ, ಹನಿಯ ಲೆಕ್ಕದಲ್ಲಿ ಹಾಕಿ. ನನ್ನ ಮಟ್ಟಿಗೆ ಬಣ್ಣವೇ ಬೇಡ. ಕೆಂಪು ಸೇಬನ್ನೇ ಆರಿಸಿಕೊಂಡು ಬಣ್ಣವಿಲ್ಲದ ಪಾಕದಲ್ಲಿ ಅದ್ದಿದರೆ ಹಣ್ಣಿನ ಸ್ವಂತ ಕೆಂಪು ಗಾಜಿನೊಳಗಿಂದ ಕಾಣುತ್ತದೆ. ನ್ಯೂಯಾರ್ಕಿಗೆ ಸಮೀಪದ ನ್ಯೂವಾರ್ಕ್ ಎಂಬ ಊರಿನ ಮಿಠಾಯಿ ವ್ಯಾಪಾರಿಯೊಬ್ಬರು 1908ರಲ್ಲಿ ಕ್ರಿಸ್‌ಮಸ್‌ಗೆಂದು ದಾಲ್ಚಿನ್ನಿಯ ಕೆಂಪು ಪಾಕ ಮಾಡಿ, ಅಂಗಡಿಯ ಕಿಟಕಿಯಲ್ಲಿ ಅಂದಕ್ಕೆ ಇಡಲು ಸೇಬನ್ನು ಅದರಲ್ಲಿ ಅದ್ದಿದರಂತೆ, ಜನ ಪಾಕವನ್ನು ಬಿಟ್ಟು ಆ ಸೇಬನ್ನೇ ಕೇಳಿದರಂತೆ. ಕೆಂಪು ಬಣ್ಣದ ವಾಡಿಕೆ ಅಲ್ಲಿಂದ ಬಂದದ್ದೆಂದು ಹೇಳುತ್ತಾರೆ. ನಾವು ಅದನ್ನು ಪಾಲಿಸಬೇಕೆಂದೇನೂ ಇಲ್ಲ. ಒಂದು ತುಂಡು ದಾಲ್ಚಿನ್ನಿಯನ್ನು ಮೊದಲು ನೀರಿನಲ್ಲಿ ಕುದಿಸಿ, ಸೋಸಿ, ಆ ನೀರಿನಲ್ಲೇ ಪಾಕ ಮಾಡಿದರೆ ಪರಿಮಳ ಮಾತ್ರ ಉಳಿಯುತ್ತದೆ.

ಕಡೆಯದಾಗಿ, 150 ಡಿಗ್ರಿಯ ಪಾಕವೆಂದರೆ ಕುದಿಯುವ ನೀರಲ್ಲ, ಅದಕ್ಕಿಂತ ಭಯಂಕರ. ನೀರಾದರೆ ಜಾರಿಹೋಗುತ್ತದೆ, ಇದು ಚರ್ಮಕ್ಕೆ ಅಂಟಿ ಸುಡುತ್ತಲೇ ಇರುತ್ತದೆ. ಅದ್ದುವ ಕೆಲಸವನ್ನು ಮಗಳ ಕೈಗೆ ಕೊಡಬೇಡಿ, ಅವಳು ಒರೆಸಲಿ, ಕಡ್ಡಿ ಚುಚ್ಚಲಿ. ತಪ್ಪಿ ಸುಟ್ಟರೆ ನಲ್ಲಿಯ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಬೇಕು. ಟೂತ್‌ಪೇಸ್ಟ್, ಅರಿಸಿನ, ಶಾಯಿ ಯಾವುದನ್ನೂ ಹಚ್ಚಬಾರದು.

ಪ್ರಶ್ನೆ ಕೇಳಿದವರು: ನಂದಿತಪ್ಪಲು, ಚಿಕ್ಕಬಳ್ಳಾಪುರ

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಭಾನುವಾರ ನಾಲ್ಕನೆಯ ಸಲ ಮಾಡಿದೆ.

ಲಿಕ್ವಿಡ್ ಗ್ಲೂಕೋಸ್ ಇಲ್ಲಿ ಸಿಗದ ಕಾರಣ ಮೇಷ್ಟ್ರು ಹೇಳಿದಂತೆ ಒಂದು ಟೀ ಚಮಚ ನಿಂಬೆರಸ ಮಾತ್ರ ಹಾಕಿದೆ. ಕುದಿ ಬಂದ ಮೇಲೆ ಸೌಟನ್ನು ಇನ್ನೊಂದು ಕೋಣೆಯಲ್ಲಿ ಇಟ್ಟುಬಂದೆ, ಏಕೆಂದರೆ ಕೈ ತಾನಾಗಿಯೇ ತಿರುವಲು ಹೋಗುತ್ತಿತ್ತು. ಪಕ್ಕದಲ್ಲಿ ನಿಂತಿದ್ದ ಅತ್ತೆಯವರು ಎರಡು ಸಲ ‘ತಳ ಹಿಡಿಯುತ್ತೆ, ಒಂದು ಸಲ ತಿರುವಮ್ಮ’ ಎಂದರು. ಹರಳು ಮತ್ತು ಗಾಜಿನ ವ್ಯತ್ಯಾಸವನ್ನು ಅವರಿಗೆ ಹೇಳಿದೆ. ಅವರು ಸ್ವಲ್ಪ ಯೋಚಿಸಿ, ಅಚ್ಚಿನ ಪಾಕ ಸರಿಯಾಗಿ ಬೆಳ್ಳಗಾಗದೆ ಅಂಟಾಗಿ ಉಳಿದ ಒಂದು ಸಂಕ್ರಾಂತಿಯನ್ನು ನೆನಪಿಸಿಕೊಂಡು, ಆವತ್ತು ನಿಂಬೆರಸ ಹೆಚ್ಚಾಗಿತ್ತೆಂದು ತಾವೇ ಹೇಳಿದರು.

ಕುದಿಯಲು ಶುರುವಾದ ಮೇಲೆ ಹದಕ್ಕೆ ಬರಲು ನನ್ನ ಒಲೆಯಲ್ಲಿ ಹದಿನೆಂಟು ನಿಮಿಷ ಹಿಡಿಯಿತು. ಮೊದಲ ಹನಿ ಬಾಗಿತು, ಎರಡನೆಯದು ಮುರಿದರೂ ಹಲ್ಲಿಗೆ ಅಂಟಿತು, ಮೂರನೆಯದು ಟಣ್ ಎಂದಿತು. ಆರರಲ್ಲಿ ಐದು ಸೇಬು ಚೆನ್ನಾಗಿ ಬಂದವು. ಬಣ್ಣ ಹಾಕಲಿಲ್ಲ, ಹಣ್ಣಿನ ಕೆಂಪು ಒಳಗಿಂದ ಕಾಣುತ್ತಿತ್ತು. ಆರನೆಯದರಲ್ಲಿ ತೊಟ್ಟಿನ ಸುತ್ತ ಗುಳ್ಳೆ ಎದ್ದಿತ್ತು. ಕೋಲಾರದ ಅಕ್ಕ ಎಚ್ಚರಿಸಿದ್ದರೂ ಆ ಒಂದು ಗುಳಿಯನ್ನು ಒರೆಸಲು ನಾನೇ ಮರೆತಿದ್ದೆ. ಪಾತ್ರೆಗೆ ಅಂಟಿದ ಪಾಕವನ್ನು ಕೆರೆಯಲು ಹೋಗದೆ ನೀರು ತುಂಬಿ ಕುದಿಸಿದೆ, ತಾನಾಗಿಯೇ ಕರಗಿತು.

ಒಂದನ್ನು ಪರೀಕ್ಷೆಗೆಂದು ಅಡುಗೆಮನೆಯ ಕಟ್ಟೆಯ ಮೇಲೆ ಬಿಟ್ಟಿದ್ದೆ. ಬೆಳಗ್ಗೆ ಹತ್ತಕ್ಕೆ ಮಾಡಿದ್ದು ಮಧ್ಯಾಹ್ನ ಎರಡರ ತನಕ ಗರಿಗರಿಯಾಗಿತ್ತು, ಸಂಜೆ ಐದಕ್ಕೆ ಬೆರಳಿಗೆ ಅಂಟುತ್ತಿತ್ತು, ರಾತ್ರಿಗೆ ಕಡ್ಡಿಯ ಬುಡದಲ್ಲಿ ನೀರು ಕಾಣಿಸಿಕೊಂಡಿತು. ಅದನ್ನು ಯಾರಿಗೂ ಕೊಡದೆ ಎಸೆದೆ. ಸಂತೆ ಬೆಳಗ್ಗೆ ಹತ್ತೂವರೆಗೆ ಶುರುವಾಗಿ ಒಂದು ಗಂಟೆಗೆ ಮುಗಿಯುತ್ತದೆ, ಆದ್ದರಿಂದ ಏಳಕ್ಕೆ ಒಲೆ ಹಚ್ಚಿದರೆ ಸಾಕೆಂದು ಲೆಕ್ಕ ಹಾಕಿದ್ದೇನೆ. ಇಡೀ ಸೇಬು ಹನ್ನೆರಡು, ಆಪಲ್ ಬೇರ್ ಸಿಕ್ಕರೆ ಇಪ್ಪತ್ತು. ಪಾಕವನ್ನು ಒಟ್ಟಿಗೆ ಮಾಡದೆ ಆರಾರು ಹಣ್ಣಿಗೆ ಆಗುವಷ್ಟನ್ನೇ ಬೇರೆ ಬೇರೆಯಾಗಿ ಮಾಡುತ್ತೇನೆ. ಮಗಳಿಗೆ ಒರೆಸುವ ಕೆಲಸ ಕೊಟ್ಟಾಗಿದೆ, ತೊಟ್ಟಿನ ಗುಳಿಯೂ ಸೇರಿ.